ಅದುಮಿದ ಬೆಳಕು ಸೋರದ ಹಾಗೆ

ಎಲ್ಲರಿಗೂ ನಮಸ್ಕಾರ. ಸ್ಕ್ವೀಜ್ಡ್, ಅಂದರೆ ಅದುಮಿದ ಬೆಳಕನ್ನು ಒಂದು ಪುಟ್ಟ ಚಿಪ್ ಮೇಲೆ ಹೇಗೆ ಮಾಡುತ್ತಾರೆ, ಹೇಗೆ ಉಳಿಸಿಕೊಳ್ಳುತ್ತಾರೆ ಅನ್ನುವುದೇ ಇವತ್ತಿನ ಮಾತು.

ದೀಪ ಆರಿಸಿ ಕೋಣೆ ಪೂರ್ತಿ ಕತ್ತಲಾದ ಮೇಲೂ ಅಲ್ಲಿ ಬೆಳಕಿನ ಅಲೆಯ ಸಣ್ಣದೊಂದು ನಡುಕ ಉಳಿದೇ ಇರುತ್ತದೆ. ಅದು ನಿಸರ್ಗದ ಗುಣ. ಆ ನಡುಕಕ್ಕೆ ಎರಡು ಮುಖ. ಎರಡನ್ನೂ ಒಟ್ಟಿಗೆ ತಗ್ಗಿಸಲು ಭೌತವಿಜ್ಞಾನಿ ಹೈಸೆನ್‌ಬರ್ಗ್ ಅವರ ಅನಿಶ್ಚಿತತೆಯ ನಿಯಮ ಬಿಡುವುದಿಲ್ಲ. ಆದರೆ ಒಂದನ್ನು ಅದುಮಿ ಇನ್ನೊಂದನ್ನು ಉಬ್ಬಲು ಬಿಡಬಹುದು. ರೊಟ್ಟಿ ಹಿಟ್ಟಿನ ಉಂಡೆಯನ್ನು ಅದುಮಿದರೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ ಅಲ್ವಾ, ಹಾಗೆ. ಇದೇ ಸ್ಕ್ವೀಜ್ಡ್ ಬೆಳಕು. 1985ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸೋಡಿಯಂ ಪರಮಾಣುಗಳ ನೆರವಿನಿಂದ ಇದನ್ನು ಮೊದಲು ಪಡೆದರು.

ಈಗ ಚಿಪ್‌ಗೆ ಬರೋಣ. ಸಿಲಿಕಾನ್ ನೈಟ್ರೈಡ್ ಎಂಬ ವಸ್ತುವಿನಲ್ಲಿ ಕೊರೆದ ಒಂದು ಪುಟ್ಟ ಉಂಗುರ, ಅದರ ಪಕ್ಕದಲ್ಲೇ ಬೆಳಕು ಹರಿಯುವ ಒಂದು ನೇರ ದಾರಿ. ಲೇಸರ್ ಬೆಳಕು ಉಂಗುರಕ್ಕೆ ನುಸುಳಿ ಸುತ್ತುತ್ತಾ ಬಲವಾಗುತ್ತದೆ. ಆಗ ಎರಡು ಫೋಟಾನ್, ಅಂದರೆ ಬೆಳಕಿನ ಕಣ, ಮಾಯವಾಗಿ ಹೊಸ ಜೋಡಿಯೊಂದು ಹುಟ್ಟುತ್ತದೆ. ಒಂದಕ್ಕೆ ಶಕ್ತಿ ಸ್ವಲ್ಪ ಜಾಸ್ತಿ, ಇನ್ನೊಂದಕ್ಕೆ ಅಷ್ಟೇ ಕಡಿಮೆ. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇಂಥ ಉಂಗುರದಿಂದ ಬಂದ ಅವಳಿ ಕಿರಣಗಳ ಪ್ರಖರತೆಯ ವ್ಯತ್ಯಾಸವನ್ನು ಅಳೆದರು. ನಡುಕ 1.7 ಡೆಸಿಬೆಲ್ ಇಳಿದಿತ್ತು. ಮಾಮೂಲಿ ಬೆಳಕಿನ ನಡುಕ 100 ಅಂದುಕೊಂಡರೆ ಇದು ಸುಮಾರು 68 ಆಯಿತು.

ಇಷ್ಟೇನಾ ಅನ್ನಿಸಬಹುದು. ಅದುಮುವುದಕ್ಕಿಂತ ಅದುಮಿದ್ದನ್ನು ಉಳಿಸಿಕೊಳ್ಳುವುದೇ ಇಲ್ಲಿ ಕಷ್ಟ. ಗಟ್ಟಿ ಹಾಲಿನಿಂದ ಒಂದು ಲೋಟ ತೆಗೆದು, ಅದೇ ಲೋಟದಲ್ಲಿ ನೀರು ತುಂಬಿ ಸುರಿದ ಹಾಗೆ. ಬೆಳಕು ಎಷ್ಟು ಸೋರಿತೋ ಅಷ್ಟು ಜಾಗಕ್ಕೆ ಮಾಮೂಲಿ ನಡುಕ ಬಂದು ಕೂರುತ್ತದೆ. ಲೆಕ್ಕ ನೋಡಿ: 100ರಿಂದ 10ಕ್ಕೆ ಇಳಿಸಿದ್ದೀರಿ. ದಾರಿಯಲ್ಲಿ ಶೇ 20 ಬೆಳಕು ಸೋರಿದರೆ ನಡುಕ 28ಕ್ಕೆ ಏರುತ್ತದೆ. ಎಷ್ಟೇ ಚೆನ್ನಾಗಿ ಅದುಮಿದ್ದರೂ 20ರ ಕೆಳಗೆ ಹೋಗಲಾರದು!

ಹಾಗಾಗಿ ಉಂಗುರ ಮತ್ತು ನೇರ ದಾರಿಯ ನಡುವಿನ ಸಂದಿಯೇ ಮುಖ್ಯ. ಸಂದಿ ಕಿರಿದಾದರೆ ಬೆಳಕು ಉಂಗುರದೊಳಗೆ ಸಾಯುವ ಮುಂಚೆ ಹೊರಗೆ ಬರುತ್ತದೆ. ಆದರೆ ಹೆಚ್ಚು ಸುತ್ತು ಹಾಕುವುದಿಲ್ಲ, ಅದಕ್ಕೆ ಜಾಸ್ತಿ ಲೇಸರ್ ಬಲ ಕೊಡಬೇಕು.

ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದ ಉಪಾಯ ನನಗೆ ತುಂಬ ಇಷ್ಟ. ಲಿಥಿಯಂ ನಯೋಬೇಟ್ ಎಂಬ ಹರಳಿನ ಚಿಪ್‌ನಲ್ಲಿ ಅದುಮಿದ ಬೆಳಕನ್ನು, ಹೊರಗೆ ಬಿಡುವ ಮುಂಚೆ ಅಲ್ಲೇ ವರ್ಧಿಸಿದರು. ಪಿಸುಮಾತನ್ನು ಮನೆಯೊಳಗೇ ಜೋರಾಗಿಸಿದ ಮೇಲೆ ಬೀದಿಯ ಗದ್ದಲದಲ್ಲೂ ಕೇಳುತ್ತದೆ. ಅವರು ಅಳೆದದ್ದು 4.9 ಡೆಸಿಬೆಲ್, ಅಂದರೆ ನಡುಕ ಮೂರನೇ ಒಂದು ಭಾಗಕ್ಕೆ ಇಳಿಯಿತು.

ಕ್ವಾಂಟಂ ಕಂಪ್ಯೂಟರಿಗೆ ಈ ಬೆಳಕು ಕಚ್ಚಾ ಸಾಮಗ್ರಿ. ಇಂಥ ಕಿರಣಗಳನ್ನು ಒಂದಕ್ಕೊಂದು ಬೆರೆಸಿದರೆ ಅವು ಹೆಣೆದುಕೊಳ್ಳುತ್ತವೆ, ಅಂದರೆ ಒಂದರ ನಡುಕ ಇನ್ನೊಂದರ ನಡುಕದ ಜೊತೆ ತಳಕು ಹಾಕಿಕೊಳ್ಳುತ್ತದೆ. ಟೊರಾಂಟೊದ ಕ್ಸನಾಡು ಕಂಪನಿ 2021ರಲ್ಲಿ ಇದನ್ನು 10 ಮಿ.ಮೀ. ಉದ್ದ, 4 ಮಿ.ಮೀ. ಅಗಲದ ಚಿಪ್ ಮೇಲೆ ಮಾಡಿತು. ಅದೇ ಕಂಪನಿಯ 2025ರ ಅರೋರಾ ಯಂತ್ರದಲ್ಲಿ 35 ಚಿಪ್‌ಗಳಿವೆ, 13 ಕಿ.ಮೀ. ಫೈಬರ್ ಇದೆ. ಚಿಪ್‌ಗೆ ಫೈಬರ್ ಕೂಡುವ ಒಂದೊಂದು ಬೆಸುಗೆಯಲ್ಲೂ ಆ ಲೋಟದ ನೀರು ಒಳಗೆ ಬರಲು ಕಾಯುತ್ತಿರುತ್ತದೆ.