ತೇರಿನ ಗಾಲಿ, ಅವ್ವನ ಸ್ಕೂಟರ್

ನಮಸ್ಕಾರ ಎಲ್ಲರಿಗೂ. ಇವತ್ತು ನನ್ನ ಮುಖ ಕಡಿಮೆ, ಬಟ್ಟೆ ಜಾಸ್ತಿ ತೋರಿಸುತ್ತೇನೆ. ಮೇಜಿನ ಮೇಲೆ ಹರಡಿರುವುದು ನಮ್ಮ ಆಯಿಯ ಸೀರೆ. ಆಯಿ ಅಂದರೆ ನಮ್ಮ ಅವ್ವನ ಅವ್ವ. ಇಳಕಲ್ಲಿನ ಕಪ್ಪು ಚಂದ್ರಕಾಳಿ. ಧಾರವಾಡದ ಕಡೆ ಮದುಮಗಳಿಗೆ ಕಸೂತಿ ಹಾಕಿದ ಚಂದ್ರಕಾಳಿ ಕೊಡುವುದು ಹಳೆಯ ರೂಢಿ. ಈ ಕಸೂತಿ ಹಾಕಿದ್ದು ಆಯಿನೇ, ತನ್ನ ಮದುವೆಗೆ ತಾನೇ.

ಮೊದಲು ಸೆರಗು ನೋಡಿ. ಕೆಂಪು ರೇಷ್ಮೆ, ಅದರಲ್ಲಿ ಬಿಳಿ ಗೋಪುರದ ಹಾಗೆ ಕಾಣುವ ಸಾಲು. ಇದೇ ಟೋಪ್ ತೆನಿ ಸೆರಗು. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ನೇಕಾರರು ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಇಲ್ಲಿ, ನನ್ನ ಹೆಬ್ಬೆರಳಿನ ಪಕ್ಕ, ಆ ಕೂಡುಗೆರೆ ಕಾಣುತ್ತದೆ. ಇಷ್ಟು ವರ್ಷವಾದರೂ ಅಲ್ಲಿ ಒಂದೂ ಬಿಟ್ಟಿಲ್ಲ. ಸೀರೆ ಸೀಳಿರುವುದು ಬೇರೆ ಕಡೆ, ಮಡಿಕೆಯ ಗೆರೆಯಲ್ಲಿ. ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ಕೂತು ಕೂತು ಅಲ್ಲಿ ರೇಷ್ಮೆ ಒಣಗಿ ಮುರಿದಿದೆ. ನಿಮ್ಮ ಮನೆಯಲ್ಲೂ ಹಳೆಯ ರೇಷ್ಮೆ ಇದ್ದರೆ ಆಗಾಗ ತೆಗೆದು ಬೇರೆ ಗೆರೆಯಲ್ಲಿ ಮಡಚಿಡಿ. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ಈ ಸೀರೆಯನ್ನು ಏನು ಮಾಡಬೇಕು ಅಂತ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. ಗಾಜು ಹಾಕಿ ಫ್ರೇಮ್ ಮಾಡಿಸು ಅಂದಳು ಚಿಕ್ಕಮ್ಮ. "ಕತ್ತರಿ ಮಾತ್ರ ಹಚ್ಚಬ್ಯಾಡ ನೋಡವ್ವಾ," ಅಂದಳು ಅವ್ವ. ನನಗೆ ಫ್ರೇಮ್ ಅಂದರೇ ಆಗುವುದಿಲ್ಲ. ಕಸೂತಿಯನ್ನು ಫ್ರೇಮಿಗೆ ಹಾಕಿದರೆ ಅದರ ಅರ್ಧ ಕೆಲಸ ಗೋಡೆಗೆ ಮುಖ ಮಾಡಿ ಕೂರುತ್ತದೆ.

ಯಾಕೆ ಅಂತ ತೋರಿಸುತ್ತೇನೆ, ಇರಿ. ಇದು ಮೇಲ್ಮುಖ. ಈಗ ಮಗುಚುತ್ತೇನೆ. ಏನಾದರೂ ವ್ಯತ್ಯಾಸ ಕಾಣುತ್ತದಾ? ಇಲ್ಲ ಅಲ್ವಾ. ಗಂಟಿಲ್ಲ, ಅಡ್ಡಾದಿಡ್ಡಿ ದಾರವಿಲ್ಲ. ಈ ಹೊಲಿಗೆಯ ಹೆಸರು ಗವಂತಿ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಮೇಲೆ ಒಂದು ಬಿಟ್ಟು ಒಂದು ಖಾಲಿ ಉಳಿಯುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಆ ಖಾಲಿ ಜಾಗ ತುಂಬುತ್ತದೆ. ಅಂದರೆ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಓಡಾಡುತ್ತದೆ, ಒಮ್ಮೆ ಮೇಲಿನಿಂದ, ಒಮ್ಮೆ ಅಡಿಯಿಂದ. ಹಾಗಾಗಿ ಚಿತ್ತಾರ ಎಷ್ಟೇ ಜಟಿಲವಾಗಿರಲಿ, ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಕೊಂಬೆ ಬಂದರೆ ಕೊಂಬೆಯ ತುದಿಯವರೆಗೆ ಹೋಗಿ, ತಿರುಗಿ ಬಂದು, ಮುಂದಿನ ದಾರಿ ಹಿಡಿಯಬೇಕು. ಗ್ರಾಫ್ ಥಿಯರಿ ಓದಿದವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಆಯಿ ಓದಿದ್ದು ನಾಲ್ಕನೇ ಇಯತ್ತೆ.

ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ, ನೇಯ್ದ ಹಾಗೆ ಕಾಣುವ ನೇಯ್ಗಿ, ಗುಣಾಕಾರದ ಗುರುತಿನ ಹಾಗಿರುವ ಮೆಂಥಿ ಅಂತ ಇನ್ನೂ ಮೂರು ಹೊಲಿಗೆ ಇವೆ. ಅವನ್ನು ಇನ್ನೊಂದು ವಿಡಿಯೊದಲ್ಲಿ ನೋಡೋಣ. ಅಂದ ಹಾಗೆ ಗವಂತಿಯಂಥದ್ದೇ ಹೊಲಿಗೆಯನ್ನು ಯುರೋಪಿನವರು ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. ಹೋಲ್ಬೈನ್ ಅನ್ನುವ ಚಿತ್ರಕಾರ 1536ರ ಹೊತ್ತಿಗೆ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರ ಬರೆದಿದ್ದ. ಆ ಚಿತ್ರದಲ್ಲಿ ಅವಳ ಅಂಗಿಯ ತೋಳಿನ ಅಂಚಿನಲ್ಲಿರುವ ಕಪ್ಪು ದಾರದ ಕೆಲಸ ನೋಡಿ ಅವ್ವ ಅಂದದ್ದು, "ಹೊಳ್ಳಿಸಿ ತೋರಸು." ಚಿತ್ರವನ್ನು ಹೇಗೆ ಹೊಳ್ಳಿಸಲಿ!

ಇನ್ನು ನನ್ನ ಕೆಲಸಕ್ಕೆ ಬರೋಣ. ಸೀರೆಯ ಕಸೂತಿ ಇರುವ ಭಾಗವನ್ನು ಮುಟ್ಟಲಿಲ್ಲ. ಸೊಂಟದಲ್ಲಿ ಒಳಗೆ ಸಿಕ್ಕಿಸುವ ತುದಿ ಇರುತ್ತದಲ್ಲ, ಅಲ್ಲಿ ಕಸೂತಿಯೂ ಇಲ್ಲ, ಬಟ್ಟೆಯೂ ಜಾಳಾಗಿತ್ತು. ಅಲ್ಲಿಂದ ಒಂದು ಮೊಳ ಕತ್ತರಿಸಲು ಅವ್ವ ಒಪ್ಪಿದಳು. ಚಿತ್ತಾರಗಳನ್ನು ಮಾತ್ರ ಗ್ರಾಫ್ ಹಾಳೆಗೆ ಇಳಿಸಿಕೊಂಡೆ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಅದಕ್ಕೆ ಆಯಿ ತೊಡೆಯ ಮೇಲೆ ಬಿಳಿ ಧೋತರ ಹಾಸಿಕೊಂಡು, ಹಿತ್ತಲ ಬಾಗಿಲಲ್ಲಿ ಬೆಳಕಿಗೆ ಕೂರುತ್ತಿದ್ದಳಂತೆ. ಅಡಿಯ ಬಿಳುಪು ಎಳೆಗಳ ಸಂದಿಯಲ್ಲಿ ಮೇಲೆ ಕಾಣುತ್ತದೆ. ನಾನೂ ಹಾಗೇ ಮಾಡಿದೆ. ಎಲ್‌ಇಡಿ ದೀಪಕ್ಕಿಂತ ಇದೇ ವಾಸಿ.

ಕಸೂತಿಯ ಚಿತ್ತಾರಗಳನ್ನು ನೋಡಿದರೆ ಅದೆಲ್ಲ ಆ ಹೆಂಗಸರ ಕಣ್ಣೆದುರು ಇದ್ದದ್ದೇ. ತುಳಸಿ ಕಟ್ಟೆ, ಗೋಪುರ, ತೊಟ್ಟಿಲು, ನವಿಲು, ಅಂಬಾರಿಯ ಆನೆ, ಜಾತ್ರೆಯ ತೇರು. ದೊಡ್ಡ ಚಿತ್ತಾರ ಸೆರಗಿನ ಹತ್ತಿರ, ದೂರ ಹೋದಂತೆ ಸಣ್ಣವು. ಹಾಗಾದರೆ ನಾನು ಆನೆ ಹಾಕುವುದು ಯಾಕೆ? ನಮ್ಮ ಓಣಿಯಲ್ಲಿ ಆನೆ ಎಲ್ಲಿದೆ? ನನ್ನ ಕಣ್ಣೆದುರು ಬೆಳಿಗ್ಗೆ ಸಂಜೆ ಓಡಾಡಿದ್ದು ಅವ್ವನ ಸ್ಕೂಟರ್. ಅವ್ವ ಅದರ ಮೇಲೆ ಕೆಲಸಕ್ಕೆ ಹೋದಳು, ನನ್ನನ್ನು ಸಾಲಿಗೆ ಬಿಟ್ಟಳು, ಆಯಿಯನ್ನು ಹಿಂದೆ ಕೂರಿಸಿಕೊಂಡು ಸಂತೆ ಮಾಡಿದಳು. ಆಯಿ ಒಂದು ಕೈಯಲ್ಲಿ ಕೈಚೀಲ, ಇನ್ನೊಂದರಲ್ಲಿ ಅವ್ವನ ಸೊಂಟ ಹಿಡಿದಿರುತ್ತಿದ್ದಳು. ನನ್ನ ಪ್ರಕಾರ ಅದು ಅಂಬಾರಿಗಿಂತ ಕಡಿಮೆಯದಲ್ಲ.

ಆದರೆ ಗವಂತಿಯಲ್ಲಿ ದುಂಡಗಿನ ಗೆರೆ ಬರುವುದಿಲ್ಲ. ಅಡ್ಡ, ಉದ್ದ, ಓರೆ, ಇಷ್ಟೇ. ಸ್ಕೂಟರಿಗೆ ಗಾಲಿ ಹೇಗೆ ಹಾಕುವುದು? ಉತ್ತರ ಸೀರೆಯಲ್ಲೇ ಇತ್ತು. ಈ ತೇರನ್ನು ಹತ್ತಿರದಿಂದ ನೋಡಿ. ಗಾಲಿಗೆ ಎಂಟು ಮೂಲೆ. ಓರೆ ಹೊಲಿಗೆ ನೇರ ಹೊಲಿಗೆಗಿಂತ ಉದ್ದ ಬೀಳುವುದರಿಂದ ಎಂಟೂ ಬದಿ ಸಮ ಇಲ್ಲ. ಆದರೂ ಒಂದು ಹೆಜ್ಜೆ ಹಿಂದೆ ನಿಂತು ನೋಡಿದರೆ ದುಂಡಗೇ ಕಾಣುತ್ತದೆ. ನಡುವೆ ಒಂದು ಸಣ್ಣ ಚೌಕ, ಅದರಿಂದ ನಾಲ್ಕು ಅರ. ಆ ಗಾಲಿಯನ್ನು ಒಂದು ಹೊಲಿಗೆಯೂ ಬದಲಿಸದೆ ಎತ್ತಿ ಸ್ಕೂಟರಿಗೆ ಹಾಕಿದೆ. ಎರಡೆಳೆ ಕೇಸರಿ ದಾರ, ನಾಲ್ಕು ಎಳೆಗೆ ಒಂದು ಹೊಲಿಗೆ. ಮಗುಚಿದರೆ ಆ ಕಡೆಯೂ ಸ್ಕೂಟರ್, ಮುಖ ಮಾತ್ರ ಎದುರು ದಿಕ್ಕಿಗೆ. ಒಂದು ಕಡೆ ಕೆಲಸಕ್ಕೆ ಹೊರಟಿದ್ದಾಳೆ, ಇನ್ನೊಂದು ಕಡೆ ಮನೆಗೆ ಬರುತ್ತಿದ್ದಾಳೆ.

ಇದಕ್ಕೆ ಸುತ್ತ ಕೌದಿಯ ಅಂಚು ಕೊಡುತ್ತಿದ್ದೇನೆ. ಕೌದಿ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯ ಚಳಿಗೆ ಹಳೆಯ ಸೀರೆ, ಧೋತರ ಪದರ ಪದರ ಹಾಕಿ ಹೊಲಿದ ಹೊದಿಕೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಇಂಥದ್ದನ್ನೇ ಕವಂದಿ ಅನ್ನುತ್ತಾರೆ, ಮೂಲೆಗಳಲ್ಲಿ ಬಟ್ಟೆ ಮಡಚಿ ಫೂಲ, ಅಂದರೆ ಹೂವು, ಇಡುತ್ತಾರೆ. ನಾನು ಫೂಲ ಇಡಲಿಲ್ಲ, ಅದು ಅವರದು. ಅಂಚಿನಲ್ಲಿ ಆ ಒಂದು ಮೊಳ ಕಪ್ಪು ಬಟ್ಟೆ, ಅವ್ವನ ಗುಳೇದಗುಡ್ಡ ಖಣದ ಕುಪ್ಪಸದ ತುಂಡು, ಅಜ್ಜನ ಧೋತರ, ನನ್ನ ಸಾಲಿಯ ನೀಲಿ ಸ್ಕರ್ಟ್ ಇವೆ. ಸ್ಕರ್ಟಿನ ಟೆರಿಕಾಟ್ ಎಷ್ಟು ಒತ್ತಿದರೂ ಉಬ್ಬಿ ನಿಲ್ಲುತ್ತದೆ. ಇರಲಿ ಬಿಡಿ, ನಾನೂ ಸಾಲಿಯಲ್ಲಿ ಹಾಗೇ ಇದ್ದೆ. ಗೋಡೆಗೆ ಹಚ್ಚುವುದಿಲ್ಲ. ಕೋಣೆಯ ನಡುವೆ ಬಿದಿರಿನ ಕೋಲಿಗೆ ತೂಗು ಹಾಕುತ್ತೇನೆ, ಎರಡೂ ಕಡೆಯಿಂದ ನೋಡಲಿ ಅಂತ.

ನಿನ್ನೆ ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ, ಮೊದಲು ಹಿಂಬದಿ ನೋಡಿದಳು. ಆಮೇಲೆ ಮುಂಬದಿ. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಕನ್ನಡಿ ಎಲ್ಲೈತಿ?"

ಸ್ಕೂಟರಿನ ಕನ್ನಡಿ. ಅದು ಸಣ್ಣದು, ದುಂಡಗಿನದು, ಈ ಅಳತೆಯಲ್ಲಿ ಕೂರುವುದಿಲ್ಲ ಅಂತ ವಿವರಿಸಿದೆ. ಅವ್ವ ಕೇಳಲಿಲ್ಲ. "ಕನ್ನಡಿ ಇಲ್ಲದ ಗಾಡಿ ನಾ ಎಂದೂ ಓಡಿಸಿಲ್ಲ," ಅಂದಳು. ಇವತ್ತು ಬೆಳಿಗ್ಗೆ ನಾನು ಏಳುವ ಹೊತ್ತಿಗೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಕೂತಿದ್ದಳು. ಎರಡು ಮುರ್ಗಿ ಮೆಟ್ಟಿಲು, ಮೇಲೊಂದು ಚೌಕ. ಕನ್ನಡಿ ಆಯಿತು. ಬಣ್ಣ ಗಿಳಿ ಹಸಿರು. ನನ್ನನ್ನು ಕೇಳಲೇ ಇಲ್ಲ.