ಮಟ್‌ನಾಗ ಮೇಲಿಂಗ್ ಲಿಸ್ಟು: ಹೆಸರು ಬರಿಯೋ ಕೆಲಸ ಸ್ಕ್ರಿಪ್ಟಿಗೆ ಬಿಡ್ರಿ

ನಮಸ್ಕಾರ್ರಿ. ಕಲಬುರಗಿ ಮೇ ತಿಂಗಳ ಬಿಸಿಲು ನಿಮಗ ಗೊತ್ತೇ ಅದ. ಹೊತ್ತು ಇಳಿಯೋ ತನಕ ಸೂಪರ್ ಮಾರ್ಕೆಟ್ ಕಡೆ ಹೋಗೋ ಮಾತೇ ಇಲ್ಲ. ಅದಕ್ಕ ಇವತ್ತಿನ ವಿಡಿಯೋ ಪೂರಾ ಸ್ಕ್ರೀನ್ ಮ್ಯಾಲೇ.

ಈ ಕರಿ ಟರ್ಮಿನಲ್‌ನಾಗ ಕಾಣಸ್ತಿರೋದು ಮಟ್. 1995ರಾಗ ಮೈಕಲ್ ಎಲ್ಕಿನ್ಸ್ ಬರದ ಮೇಲ್ ಕ್ಲೈಂಟ್. ಫೋನಿನ ಹಾಟ್‌ಸ್ಪಾಟ್ ಹಚ್ಚಿ ಮೇಲ್ ಇಳಿಸ್ಕೊಳ್ಳೋ ಎಂಬಿಸಿಂಕ್ ಪ್ರೋಗ್ರಾಮ್ ಓಡಿಸಿದ್ರ ಮೇಲ್ ಎಲ್ಲಾ ಲ್ಯಾಪ್‌ಟಾಪಿಗೆ ಇಳೀತದ. ಆಮ್ಯಾಲ ಕರೆಂಟ್ ಹೋಗ್ಲಿ, ನೆಟ್ ಹೋಗ್ಲಿ, ಓದ್ಕೋತ ಕೂಡಬಹುದು. ಕನ್ನಡದ ಒತ್ತಕ್ಷರ ಮಾತ್ರ ಭಾಳ ಟರ್ಮಿನಲ್‌ನಾಗ ಇನ್ನೂ ನೆಟ್ಟಗ ಕೂಡಂಗಿಲ್ಲ, ಅದು ನನಗ ಖರೇನೇ ಬ್ಯಾಸರ.

ಈಗ ವಿಷಯಕ್ಕ ಬರ್ತೀನಿ. ಮೇಲಿಂಗ್ ಲಿಸ್ಟು ಅಂದ್ರ ಒಂದೇ ವಿಳಾಸಕ್ಕ ಕಳಸಿದ್ದು ಸೇರಿದವರಿಗೆಲ್ಲ ಮುಟ್ಟೋ ವ್ಯವಸ್ಥಾ. ಯಾವ ವಿಳಾಸ ಲಿಸ್ಟಿಂದು ಅಂತ ಮಟ್‌ಗೆ ನಾವೇ ಹೇಳ್ಬೇಕು. ಮಟ್‌ಆರ್‌ಸಿ ಅನ್ನೋ ಸೆಟ್ಟಿಂಗ್ ಫೈಲಿನಾಗ ‘ಸಬ್‌ಸ್ಕ್ರೈಬ್’ ಅಂತ ಬರದು ವಿಳಾಸ ಕೊಟ್ರ, ನಾ ಆ ಲಿಸ್ಟಿನಾಗ ಇದ್ದೀನಿ ಅಂತ ಅದಕ್ಕ ತಿಳೀತದ. ಆಗ ನಾ ಕಳಸೋ ಮೇಲ್‌ಗೆ ಮೇಲ್-ಫಾಲೋಅಪ್-ಟು ಹೆಡರ್ (ಉತ್ತರ ಎಲ್ಲಿಗೆ ಹೋಗಬೇಕು ಅಂತ ಮೇಲ್‌ನ ಶುರುವಿನಾಗ ಇರೋ ಸಾಲು) ಸೇರ್ತದ, ಅದರಾಗ ಲಿಸ್ಟಿನ ವಿಳಾಸ ಅಷ್ಟೇ, ನನ್ನದು ಇರಂಗಿಲ್ಲ. ದೊಡ್ಡ ಎಲ್ ಒತ್ತಿದ್ರ ಉತ್ತರ ಸೀದಾ ಲಿಸ್ಟಿಗೇ. ಡೆಬಿಯನ್ ಅನ್ನೋ ಲಿನಕ್ಸ್ ಆವೃತ್ತಿಯ ಲಿಸ್ಟುಗಳ ನಿಯಮದಾಗ ಸ್ಪಷ್ಟ ಅದ: ಬರದವರು ಕೇಳದೇ ಅವರಿಗೆ ಬ್ಯಾರೆ ಪ್ರತಿ ಕಳಸಬ್ಯಾಡ್ರಿ ಅಂತ. ಇದು ಇನ್ನೊಬ್ಬರ ಇನ್‌ಬಾಕ್ಸಿಗೆ ಕೊಡೋ ಮರ್ಯಾದಿ. ನನ್ನ ನೆನಪಿನ ಮ್ಯಾಲ ಬಿಡೋ ಕೆಲಸ ಅಲ್ಲ.

ಲಿಸ್ಟಿನ ವಿಳಾಸ ಮೇಲ್ ಒಳಗೇ ಇರ್ತದ ನೋಡ್ರಿ, ಲಿಸ್ಟ್-ಪೋಸ್ಟ್ ಹೆಡರ್‌ನಾಗ. 1998ರ ಆರ್‌ಎಫ್‌ಸಿ 2369 ಅನ್ನೋ ಇಂಟರ್ನೆಟ್ ಮಾನಕದಿಂದ ಬಂದದ್ದು. ಮಟ್‌ನಾಗ ಆ ಹೆಡರ್ ನೋಡಿ ತಾನೇ ಲಿಸ್ಟು ಸೇರಸ್ಕೊಳ್ಳೋ ಆಟೋ-ಸಬ್‌ಸ್ಕ್ರೈಬ್ ಅಂತ ಆಯ್ಕೆನೇ ಅದ, ಆದ್ರ ಹೆಡರ್ ಓದೋದು ನಿಧಾನ ಆಗ್ತದಂತ ಅದನ್ನ ಮೊದಲಿಗೆ ಬಂದ್ ಇಟ್ಟಾರ. ನನಗ ಸಣ್ಣ ಸ್ಕ್ರಿಪ್ಟೇ ಚಲೋ ಅನಿಸ್ತದ. ಲಿಸ್ಟಿನ ಫೋಲ್ಡರ್‌ಗಳನ್ನ ಗ್ರೆಪ್ ಮಾಡಿ (ಒಳಗಿನ ಸಾಲು ಹುಡುಕಿ) ಆ ಹೆಡರ್ ಹೆಕ್ಕ್ತದ, ವಿಳಾಸದ ಮುಂದಿನ ‘ಮೇಲ್‌ಟು’ ಕಿತ್ತು ಹಾಕ್ತದ, ಎರಡೆರಡು ಸಲ ಬಂದದ್ದು ತಗದು ಪ್ರತಿ ವಿಳಾಸದ ಮುಂದ ‘ಸಬ್‌ಸ್ಕ್ರೈಬ್’ ಹಚ್ತದ. ಬರೇ ಪ್ರಕಟಣೆ ಹೊರಡಸೋ ಲಿಸ್ಟಿನಾಗ ವಿಳಾಸದ ಜಾಗಕ್ಕ ‘ನೋ’ ಅಂತ ಇರ್ತದ, ಅವನ್ನ ಬಿಡಬೇಕು. ವಿಳಾಸನ ಮಟ್ ರೆಗ್ಯುಲರ್ ಎಕ್ಸ್‌ಪ್ರೆಷನ್ (ಹುಡುಕೋ ಮಾದರಿ, ಅದರಾಗ ಚುಕ್ಕಿ ಅಂದ್ರ ಯಾವ ಅಕ್ಷರನೂ ಆಗಬಹುದು) ಅಂತ ಓದ್ತದ, ಹಿಂಗಾಗಿ ಚುಕ್ಕಿ ಮುಂದ ಎರಡು ಬ್ಯಾಕ್‌ಸ್ಲ್ಯಾಶ್ ಬೇಕು.

ಇದನ್ನ ಮಟ್‌ಆರ್‌ಸಿಗೆ ತರೋ ಮುಂದ ಹುಷಾರ್ರಿ. ಬ್ಯಾಕ್‌ಟಿಕ್ ಚಿಹ್ನೆ (`) ನಡುವ ಸ್ಕ್ರಿಪ್ಟ್ ಹಾಕಿದ್ರ ಔಟ್‌ಪುಟ್‌ನ ಮೊದಲನೇ ಸಾಲು ಮಾತ್ರ ಸಿಗ್ತದ, ಉಳಿದದ್ದು ಸಪ್ಪಳಿಲ್ಲದ ಹೋಗ್ತದ. ‘ಸೋರ್ಸ್’ ಅಂತ ಬರದು, ಸ್ಕ್ರಿಪ್ಟಿನ ಹೆಸರಿನ ಕೊನೀಗೆ ಪೈಪ್ ಚಿಹ್ನೆ (|) ಇಡ್ರಿ, ಎಲ್ಲಾ ಸಾಲೂ ಬರ್ತಾವ.

ಇನ್ನೊಂದು ಉಳೀತು. ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) ಲಿಸ್ಟಿನ ಪದ್ಧತಿ ಡೆಬಿಯನ್‌ಗೆ ಪೂರಾ ಉಲ್ಟಾ, ಅಲ್ಲಿ ಸಿಸಿಯೊಳಗ ಇದ್ದವರನ್ನೆಲ್ಲ ಹಂಗೇ ಇಟ್ಟು ಉತ್ತರ ಕೊಡಬೇಕು. ಅದಕ್ಕ ಕರ್ನಲ್ ಫೋಲ್ಡರ್‌ಗೆ ಒಂದು ಫೋಲ್ಡರ್-ಹುಕ್ (ಆ ಫೋಲ್ಡರ್ ತೆರದಾಗ ಓಡೋ ಆಜ್ಞೆ) ಹಾಕಿ ಫಾಲೋಅಪ್-ಟು ಬಂದ್ ಮಾಡೀನಿ, ಎಲ್ಲರಿಗೂ ಉತ್ತರ ಹೋಗ್ಲಿಕ್ಕೆ ಸಣ್ಣ ಜಿ ಒತ್ತತೀನಿ. ಆ ಫೋಲ್ಡರ್‌ನಿಂದ ಹೊರಗ ಬಂದ್ರೂ ಮಟ್ ಸೆಟ್ಟಿಂಗ್ ತಾನಾಗಿ ತಿರುಗಿ ಹಾಕಂಗಿಲ್ಲ. ಅದಕ್ಕ ಎಲ್ಲಾ ಫೋಲ್ಡರ್‌ಗೂ ಹೊಂದೋ, ಬರೇ ಚುಕ್ಕಿ ಇರೋ ಹುಕ್ ಮೊದಲ ಬರೀರಿ, ಫಾಲೋಅಪ್-ಟು ಚಾಲೂ ಅಂತ. ಕರ್ನಲ್‌ದು ಅದರ ಕೆಳಗ.