ಕತ್ತರಿಸದೆ ಬಿಟ್ಟ ದಾರ

ಕೇಳುಗರಿಗೆ ನಮಸ್ಕಾರ.

ನಮ್ಮ ಬೀದಿಯ ಅಕ್ಕ ಒಬ್ಬರು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಮೊದಲು ಸೇರಿದ್ದು ಹೆಲ್ಪರ್ ಆಗಿ. ಅವರ ಕೆಲಸ ದಾರ ಕತ್ತರಿಸುವುದು. ಹೊಲಿದು ಬಂದ ಅಂಗಿಯನ್ನು ಒಳಗೂ ಹೊರಗೂ ತಿರುಗಿಸಬೇಕು. ಕಾಲರ್ ಅಂಚಿನಲ್ಲಿ, ಕಂಕುಳ ಸಂದಿಯಲ್ಲಿ, ಗುಂಡಿಯ ಹಿಂದೆ ಉಳಿದ ದಾರದ ತುದಿಗಳನ್ನೆಲ್ಲ ಪುಟ್ಟ ಕತ್ತರಿಯಿಂದ ತೆಗೆಯಬೇಕು. ಒಂದು ಎಳೆ ಉಳಿದರೂ ಚೆಕ್ಕಿಂಗ್‌ನಿಂದ ಪೀಸ್ ವಾಪಸ್. ಕೊನೆಗೆ ಅಂಗಿ ಪೆಟ್ಟಿಗೆ ಸೇರುವಾಗ, ಅದನ್ನು ಯಾರೋ ಕೂತು ಹೊಲಿದರು ಅನ್ನುವುದೇ ಕಾಣುವುದಿಲ್ಲ.

ಮಾರ್ಗರೀಟಾ ಕಬ್ರೆರಾ ಅವರ ಶಿಲ್ಪಗಳ ಫೋಟೋ ನೋಡಿದಾಗ ನನಗೆ ನೆನಪಾದದ್ದು ಆ ಕತ್ತರಿ. ಕಬ್ರೆರಾ 1973ರಲ್ಲಿ ಮೆಕ್ಸಿಕೋದ ಮಾಂಟೆರ್ರೇ ನಗರದಲ್ಲಿ ಹುಟ್ಟಿದವರು. ಬಹಳ ಕಾಲ ಇದ್ದು ಕೆಲಸ ಮಾಡಿದ್ದು ಅಮೆರಿಕದ ಗಡಿ ಊರು ಎಲ್ ಪಾಸೋದಲ್ಲಿ. ಅವರು ಬ್ಲೆಂಡರ್, ಕಾಫಿ ಮೇಕರ್, ವ್ಯಾಕ್ಯೂಮ್ ಕ್ಲೀನರ್‌ಗಳನ್ನು ವಿನೈಲ್‌ನಲ್ಲಿ ಹೊಲಿಯುತ್ತಾರೆ. ನಮ್ಮ ಆಟೋ ಸೀಟಿನ ರೆಕ್ಸಿನ್ ಇದೆಯಲ್ಲ, ಅಂಥದ್ದು. ಗಟ್ಟಿಯಾಗಿ ನಿಲ್ಲಬೇಕಾದ ವಸ್ತು ಇಲ್ಲಿ ಸುಸ್ತಾದವರ ಹಾಗೆ ಕುಸಿದು ಕೂತಿರುತ್ತದೆ. ಹೊಲಿಗೆ ಎದ್ದು ಕಾಣುತ್ತದೆ. ಹೊಲಿಗೆ ಮುಗಿದ ಕಡೆಯಲ್ಲೆಲ್ಲ ದಾರ ಉದ್ದುದ್ದ ಜೋತಾಡುತ್ತಿರುತ್ತದೆ.

ಎಲ್ ಪಾಸೋದಿಂದ ನದಿ ದಾಟಿದರೆ ಸಿಯುದಾದ್ ಹ್ವಾರೆಸ್. ಅದು ಮೆಕ್ಸಿಕೋ. 1964ರವರೆಗೆ ಅಮೆರಿಕ ತನ್ನ ಹೊಲಗಳಿಗೆ ಮೆಕ್ಸಿಕೋದಿಂದ ಕೂಲಿಯಾಳುಗಳನ್ನು ಕರೆಸಿಕೊಳ್ಳುತ್ತಿತ್ತು. ಅದು ನಿಂತಾಗ ಗಡಿಯಲ್ಲಿ ಕೆಲಸವಿಲ್ಲದವರು ತುಂಬಿಹೋದರು. ಮರುವರ್ಷವೇ ಮೆಕ್ಸಿಕೋ ಸರ್ಕಾರ ಗಡಿಯುದ್ದಕ್ಕೂ ಕಾರ್ಖಾನೆ ತರುವ ಯೋಜನೆ ಶುರುಮಾಡಿತು. ಈ ಕಾರ್ಖಾನೆಗಳಿಗೆ ಮಕಿಲಾದೋರ ಎಂದು ಹೆಸರು. ಕಬ್ರೆರಾ ಹೊಲಿಯುವ ಬ್ಲೆಂಡರ್‌ನಂಥ ವಸ್ತುಗಳು ಜೋಡಣೆಯಾಗುವುದು ಇಂಥ ಕಡೆಯೇ. ಬಿಡಿಭಾಗ ಸುಂಕವಿಲ್ಲದೆ ಒಳಗೆ ಬರುತ್ತದೆ. ಜೋಡಿಸಿದ ಮಾಲು ಗಡಿ ದಾಟಿ ವಾಪಸ್ ಹೋಗುತ್ತದೆ. ಜೋಡಿಸಿದ ಕೈ ಮಾತ್ರ ಅಷ್ಟು ಸಲೀಸಾಗಿ ದಾಟುವ ಹಾಗಿಲ್ಲ. ಮೊದಲ ವರ್ಷಗಳಲ್ಲಿ ಅಲ್ಲಿ ದುಡಿದವರು ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳು. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ವ್ಯಾಪಾರ ಒಪ್ಪಂದ ನಾಫ್ಟಾ ಜಾರಿಗೆ ಬಂದ ಮೇಲೆ ಕಾರ್ಖಾನೆಗಳು ಇನ್ನೂ ಜಾಸ್ತಿಯಾದವು.

ಮೆತ್ತನೆಯ ಶಿಲ್ಪ ಕಬ್ರೆರಾ ಅವರಿಂದ ಶುರುವಾದದ್ದಲ್ಲ. 1960ರ ದಶಕದಲ್ಲೇ ಅಮೆರಿಕದ ಶಿಲ್ಪಿ ಕ್ಲೇಸ್ ಓಲ್ಡನ್‌ಬರ್ಗ್ ಟೈಪ್‌ರೈಟರ್, ಕಮೋಡ್‌ಗಳನ್ನು ಹೀಗೆ ಮಾಡಿ ಹೆಸರಾಗಿದ್ದರು. ಅವರ ಆ ಕಾಲದ ಎಷ್ಟೋ ಶಿಲ್ಪಗಳನ್ನು ಹೊಲಿದವರು ಅವರ ಹೆಂಡತಿ ಪ್ಯಾಟಿ. ಆ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಕಬ್ರೆರಾ 2004ರಲ್ಲಿ ಒಂದು ಇಡೀ ಕಾರನ್ನೇ ಹೊಲಿದರು. ಹೆಸರು ‘ವೋಚೋ’. ಮೆಕ್ಸಿಕೋದ ಜನ ಫೋಕ್ಸ್‌ವ್ಯಾಗನ್ ಕಂಪನಿಯ ಬೀಟಲ್ ಕಾರನ್ನು ಪ್ರೀತಿಯಿಂದ ಕರೆಯುವುದು ಹಾಗೆ. ಹಳೆಯ ಮಾದರಿಯ ಕಟ್ಟಕಡೆಯ ಬೀಟಲ್ ಅಲ್ಲಿನ ಪ್ವೆಬ್ಲಾ ಕಾರ್ಖಾನೆಯಿಂದ ಹೊರಬಂದದ್ದು ಅದರ ಹಿಂದಿನ ವರ್ಷ, 2003ರ ಜುಲೈನಲ್ಲಿ. ಆಮೇಲೆ ಅವರು ವಲಸೆ ಬಂದವರನ್ನು ಜೊತೆಗೆ ಕೂರಿಸಿಕೊಂಡರು. ಗಡಿ ಕಾಯುವ ಪಡೆಯ ಹಸಿರು ಸಮವಸ್ತ್ರದ ಬಟ್ಟೆಯಿಂದ ಎಲ್ಲರೂ ಸೇರಿ ಪಾಪಸುಕಳ್ಳಿ ಗಿಡಗಳನ್ನು ಮಾಡಿ ಮಣ್ಣಿನ ಕುಂಡಗಳಲ್ಲಿ ನಿಲ್ಲಿಸಿದರು. ಆ ಬಟ್ಟೆಯ ಮೇಲೆ ಬಣ್ಣದ ದಾರದ ಕಸೂತಿ ಇದೆ. ಗಡಿ ದಾಟಿದ ತಮ್ಮ ತಮ್ಮ ಕಥೆಯನ್ನು ಅವರೇ ಕೈಯಾರೆ ಹಾಕಿದ್ದು.

ಮೊನ್ನೆ ಆ ಬ್ಲೆಂಡರ್‌ನ ಫೋಟೋವನ್ನು ಅಕ್ಕನಿಗೆ ಫೋನಿನಲ್ಲಿ ತೋರಿಸಿದೆ. ಅವರು ನಗಲಿಲ್ಲ. ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ, ಹೊಲಿಗೆಯನ್ನೇ ಹಿಂಬಾಲಿಸಿ ನೋಡಿದರು.

“ಕೆಲಸ ಬರೋರೇ ಹೊಲಿದಿರೋದು ಕಣಮ್ಮ. ಹೊಲಿಗೆ ಎಷ್ಟು ನೇರ ಇದೆ ನೋಡು. ದಾರ ಬೇಕಂತಲೇ ಬಿಟ್ಟಿದ್ದಾರೆ” ಅಂದರು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಒಂದು ಪೀಸ್‌ಗೆ ಎಷ್ಟು ದಿನ ಹಿಡೀತಂತೆ?”

ನಮಸ್ಕಾರ.